ಕೋವಿಯ ಹಿನ್ನೊದೆತವೂ ಮೂತಿತಡೆಯ ಪರಿಮಾಣವಿಚಾರವೂ

ಕೋವಿಯು ಗುರಿಯನ್ನು ಮುಟ್ಟುವುದಕ್ಕೆ ಮೊದಲೇ ಹಿಡಿದವನ ಹೆಗಲನ್ನು ಮುಟ್ಟುತ್ತದೆ. ಕೊಡಗು ಮಲೆನಾಡುಗಳ ಜನರು ಇದನ್ನು ‘ಕೋವಿ ಒದೆಯಿತು’ ಎಂದು ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಶಾಸ್ತ್ರೀಯವಾಗಿ ಪ್ರತ್ಯಾಘಾತ, ಪ್ರತಿಕ್ಷೇಪ ಮೊದಲಾದ ಶಬ್ದಗಳನ್ನು ಬಳಸಬಹುದಾದರೂ, ಬಳಕೆಯಲ್ಲಿರುವ ಆ ಅಚ್ಚಗನ್ನಡದ ಕ್ರಿಯೆಯನ್ನೇ ಹಿಡಿದು ಈ ಲೇಖನದಲ್ಲಿ ‘ಹಿನ್ನೊದೆತ’ವೆಂದು ವ್ಯವಹರಿಸಿದ್ದೇನೆ. ಈ ಹಿನ್ನೊದೆತವನ್ನು ಕಡಮೆಮಾಡಲೆಂದು ನಳಿಗೆಯ ತುದಿಗೆ ತಿರುಪಿನಿಂದ ಕೂಡಿಸುವ, ಪಕ್ಕಗಳಲ್ಲಿ ಕಂಡಿಗಳುಳ್ಳ ಉಕ್ಕಿನ ಕಿರುಗೊಳವೆಯೊಂದುಂಟು. ಸದ್ಯಕ್ಕೆ ಅದನ್ನು ‘ಮೂತಿತಡೆ’ ಎಂದು ಕರೆಯೋಣ. ಹೆಸರಿನ ಸಾಧುತ್ವವನ್ನು ಆಮೇಲೆ ವಿಚಾರಿಸಬಹುದು. ಇಂತಹ ತಡೆಗಳಲ್ಲಿ ಯಾವುದು ಎಷ್ಟು ಕೆಲಸಮಾಡುತ್ತದೆ, ಒಂದನ್ನು ಮತ್ತೊಂದರೊಡನೆ ಹೋಲಿಸುವ ಸರಿಯಾದ ಕ್ರಮವೇನು ಎಂಬುದೇ ಪ್ರಕೃತ ವಿಷಯ.

ವ್ಯಾಕರಣ ತರ್ಕಗಳನ್ನು ಓದಿಕೊಂಡ ಪಂಡಿತನಿಗೆ ಕೋವಿಯ ಗೊಡವೆ ಏಕೆಂದು ವಾಚಕಮಹಾಶಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಾನು ಕೋವಿಯನ್ನು ಕೈಯಲ್ಲಿ ಹಿಡಿದವನಲ್ಲ. ಕೊಡಗಿನ ಮಿತ್ರರೊಬ್ಬರು, ಕನ್ನಡ ಉಪಾಧ್ಯಾಯರಾಗಿ ನಿವೃತ್ತರಾದವರು, ಕಳೆದ ವರ್ಷ ಚಾಮರಾಜಪೇಟೆಯ ನಮ್ಮ ಮನೆಗೆ ಬಂದಿದ್ದರು. ಅವರ ಬಲಹೆಗಲಿನ ಮೂಳೆ ಹಿಂದೊಮ್ಮೆ ಬಿದ್ದು ಮುರಿದು ಕೂಡಿಕೊಂಡದ್ದು. ಆದರೂ ಸೆಪ್ಟೆಂಬರ್ ೩ರ ಕೈಲ್‌ಪೊಳ್ದ್ ದಿನ ಮನೆತನದವರೆಲ್ಲ ಆಯುಧಗಳಿಗೆ ಪೂಜೆಮಾಡಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವಾಗ ತಾವೊಬ್ಬರೇ ಪಕ್ಕದಲ್ಲಿ ಕುಳಿತು ನೋಡುವುದು ಅವರಿಗೆ ಸಹಿಸದು. ಅವರು ಚೀಲದಿಂದ ಎರಡು ವಿಕ್ರಯಪತ್ರಿಕೆಗಳನ್ನು ತೆಗೆದರು. ಒಂದು ಮೂತಿತಡೆಯು ಹಿನ್ನೊದೆತವನ್ನು ನೂರಕ್ಕೆ ೩೦ರಷ್ಟು ಇಳಿಸುವುದೆಂದೂ ಮತ್ತೊಂದು ನೂರಕ್ಕೆ ೫೦ರಷ್ಟು ಇಳಿಸುವುದೆಂದೂ ಅವುಗಳಲ್ಲಿ ಮುದ್ರಿತವಾಗಿತ್ತು. “ಪಂಡಿತರೇ, ತಾವು ತರ್ಕ ಓದಿದವರು. ಇವೆರಡರಲ್ಲಿ ನನ್ನ ಹೆಗಲಿಗೆ ಯಾವುದು ಹಿತ, ವಿಚಾರಮಾಡಿ ಹೇಳಬೇಕು” ಎಂದರು. ೫೦ ಎಂಬುದು ೩೦ಕ್ಕಿಂತ ಹೆಚ್ಚು ತಾನೆ ಎಂದು ನಾನು ಥಟ್ಟನೆ ಹೇಳಿಬಿಟ್ಟೆ. ಆ ಅವಿಚಾರಿತ ವಾಕ್ಯಕ್ಕೆ ಪ್ರಾಯಶ್ಚಿತ್ತವಾಗಿ ಈ ಲೇಖನ ಹುಟ್ಟಿತು. ಲೆಕ್ಕಗಳನ್ನು ಬಸವನಗುಡಿಯ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ದಯವಿಟ್ಟು ಪರಿಶೀಲಿಸಿಕೊಟ್ಟಿದ್ದಾರೆ.

ಮೊದಲು ಶಬ್ದಗಳ ವಿಷಯವಾಗಿ ಸ್ವಲ್ಪ. ‘ಕೋವಿ’ ಎಂದರೆ ಮೂಲದಲ್ಲಿ ಕೊಳವೆ. ಮದ್ದಿನ ಆಯುಧವು ಬಂದಾಗ ನಮ್ಮ ಜನರು ಅದರ ಆಕಾರವನ್ನು ನೋಡಿ ಇದ್ದ ಮಾತನ್ನೇ ಕೊಟ್ಟರು. ‘ತುಪಾಕಿ’ ತುರ್ಕರ ಭಾಷೆಯಿಂದ ಬಂದದ್ದು. ಕೊಡವರ ‘ತೋಕ್’ ಎಂಬುದೂ ಅದರ ಬಂಧುವೇ ಎಂದು ತೋರುತ್ತದೆ. ‘ಬಂದೂಕ’ವು ಅರಬ್ಬೀ ಮೂಲದ್ದು, ಅಲ್ಲಿ ಅದಕ್ಕೆ ಒಂದು ಬಗೆಯ ಕಾಯಿ, ಗೋಲಿ ಎಂಬ ಅರ್ಥವಿತ್ತು. ‘ಫಿರಂಗಿ’ಯಂತೂ ತಂದ ಜನರ ಹೆಸರನ್ನೇ ಹೊತ್ತಿದೆ. ಹೀಗೆ ಕೆಲವರು ನಳಿಗೆಯನ್ನೂ ಕೆಲವರು ಗುಂಡನ್ನೂ ಕೆಲವರು ತಂದವರನ್ನೂ ನೋಡಿ ಹೆಸರಿಟ್ಟರು. ನಳಿಗೆಯಿಂದ ಗುಂಡಿನೊಡನೆ ಹೊರಕ್ಕೆ ನುಗ್ಗುವ ಮೂರನೆಯ ವಸ್ತುವೊಂದಿದೆ. ಅದನ್ನು ನೋಡಿ ಹೆಸರಿಟ್ಟವರು ಯಾರೂ ಇಲ್ಲ. ಅದು ಮದ್ದು ಉರಿದು ಹುಟ್ಟಿದ ಅನಿಲ. ನಮ್ಮ ವಿಷಯಕ್ಕೆ ಮುಖ್ಯವಾದುದು ಅದೇ.

ಇಲ್ಲಿ ಪ್ರಾಚೀನರ ಮಾತನ್ನು ಎತ್ತಬೇಕೆಂಬ ಆಸೆ ನಮ್ಮಂಥವರಿಗೆ ಸಹಜವಾದುದು. ಶುಕ್ರನೀತಿಯಲ್ಲಿ ಬೃಹನ್ನಾಲಿಕ, ಲಘುನಾಲಿಕಗಳ ವರ್ಣನೆಯಿದೆ. ಐದು ಗೇಣುದ್ದದ ನಳಿಗೆ, ಗುರಿಗಾಗಿ ಎಳ್ಳಿನಷ್ಟು ಬಿಂದು, ಅಗ್ನಿಚೂರ್ಣ ಎಲ್ಲವೂ ಇವೆ. ಮದರಾಸಿನ ಗುಸ್ತಾವ್ ಓಪರ್ಟನು ೧೮೮೦ರಲ್ಲಿ ಇದನ್ನು ಹಿಡಿದು ಪ್ರಾಚೀನ ಹಿಂದೂಗಳಿಗೆ ಕೋವಿಯಿತ್ತೆಂದು ವಾದಿಸಿದನು. ಆ ಭಾಗಗಳು ಅರ್ವಾಚೀನವೆಂದು ಅನಂತರದ ವಿದ್ವಾಂಸರು ನಿರ್ಣಯಿಸಿದ್ದಾರೆ. ಕೋವಿಯನ್ನು ಕಂಡವನೇ ಅದನ್ನು ಬರೆದಿರಬೇಕು. ಹಾಗೆಯೇ ಟೀಪುವಿನ ಕಾಲದಲ್ಲಿ ಎರಕಹೊಯ್ದ ಕಂಚಿನ ತೋಪುಗಳ ಬಾಯಿ ಹುಲಿಯ ಮುಖದಂತಿರುವುದನ್ನು ತೋರಿಸಿ ಅದೂ ಒಂದು ಬಗೆಯ ಮೂತಿತಡೆಯೆಂದು ಸಭೆಯೊಂದರಲ್ಲಿ ಹೇಳಿದವರನ್ನು ನಾನು ಕೇಳಿದ್ದೇನೆ. ಹುಲಿಮುಖವು ಅಲಂಕಾರ; ಅದರಲ್ಲಿ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಏರ್ಪಾಡು ಯಾವುದೂ ಇಲ್ಲ. ಇದ್ದ ಹಿರಿಮೆ ಸಾಲದೆಂದು ಇಲ್ಲದ್ದನ್ನು ಹೊರಿಸುವುದು ಟೀಪುವಿಗೂ ಉಪಕಾರವಲ್ಲ.

ಮೈಸೂರಿನವರ ನಿಜವಾದ ಪರಿಣತಿಯು ಬಾಣದಲ್ಲಿ, ಎಂದರೆ ಕಬ್ಬಿಣದ ಕೊಳವೆಯ ಅಗ್ನಿಬಾಣದಲ್ಲಿ ಇತ್ತು. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ೨೦೧೮ರಲ್ಲಿ ಅಂತಹ ಬಾಣಗಳು ಸಾವಿರಕ್ಕೂ ಹೆಚ್ಚಾಗಿ ದೊರೆತುವು. ನಮ್ಮ ಬೆಂಗಳೂರಿನ ಪೇಟೆಯಲ್ಲಿಯೇ ತಾರಾಮಂಡಲಪೇಟೆಯೆಂಬ ಹೆಸರಿನಲ್ಲಿ ಅವುಗಳ ನೆನಪು ಉಳಿದಿದೆಯೆಂದು ಹೇಳುತ್ತಾರೆ. ಬಾಣವು ಹಾರುವ ಬಗೆಯನ್ನು ತಿಳಿದವನಿಗೆ ಹಿನ್ನೊದೆತವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಬಾಣದಲ್ಲಿ ಗುಂಡಿಲ್ಲ, ಅನಿಲವು ಹಿಂದಕ್ಕೆ ಹೋಗುತ್ತದೆ, ಕೊಳವೆಯು ಮುಂದಕ್ಕೆ ಹೋಗುತ್ತದೆ. ಕೋವಿಯಲ್ಲಿ ಗುಂಡೂ ಅನಿಲವೂ ಎರಡೂ ಮುಂದಕ್ಕೆ ಹೋಗುತ್ತವೆ. ಕೋವಿಯು ಹಿಂದಕ್ಕೆ ಬರುತ್ತದೆ. ತೂಕವನ್ನು ವೇಗದಿಂದ ಗುಣಿಸಿದರೆ ಬರುವ ಮೊತ್ತವನ್ನು ಸಂವೇಗವೆನ್ನುತ್ತಾರೆ. ಮುಂದಕ್ಕೆ ಹೋದ ಸಂವೇಗವೆಷ್ಟೋ ಹಿಂದಕ್ಕೆ ಬಂದ ಸಂವೇಗವೂ ಅಷ್ಟೇ. ನ್ಯೂಟನ್ನನು ೧೬೮೭ರಲ್ಲಿ ಬರೆದ ಈ ನಿಯಮಕ್ಕೆ ಅಪವಾದವಿಲ್ಲ. ಆದುದರಿಂದ ಹಿನ್ನೊದೆತವೆಂಬುದು ಎರಡು ಭಾಗಗಳುಳ್ಳದ್ದು: ಗುಂಡಿನ ಪಾಲು, ಅನಿಲದ ಪಾಲು.

ಗುಂಡಿಲ್ಲದಿದ್ದರೂ ಅನಿಲದ ಪಾಲು ಇದ್ದೇ ಇರುತ್ತದೆಯೆಂಬುದಕ್ಕೆ ಮೈಸೂರಿನ ವಿಜಯದಶಮಿಯ ೨೧ ಕುಶಾಲತೋಪುಗಳೇ ನಿದರ್ಶನ. ಅವುಗಳಲ್ಲಿ ಬರಿಯ ಮದ್ದು; ಗುಂಡನ್ನು ತುಂಬುವುದಿಲ್ಲ. ಆದರೂ ಹಾರಿದಾಗ ತೋಪು ಹಿಂದಕ್ಕೆ ಅಲುಗುತ್ತದೆ. ಇದನ್ನು ಕುತೂಹಲಕ್ಕಾಗಿ ಬಿಡದೆ ಅಳೆದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ೧೭೪೨ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ನಳಿಗೆಯನ್ನು ಲೋಲಕದಂತೆ ತೂಗುಹಾಕಿ, ಒಮ್ಮೆ ಗುಂಡಿನೊಡನೆಯೂ ಮತ್ತೊಮ್ಮೆ ಗುಂಡಿಲ್ಲದೆ ಬರಿಯ ಮದ್ದಿನಿಂದಲೂ ಹಾರಿಸಿ, ಅದು ಹಿಂದಕ್ಕೆ ಎಷ್ಟು ತೂಗಿತೆಂಬುದನ್ನು ಅಳೆದು ಅನಿಲದ ಪಾಲನ್ನು ಬೇರ್ಪಡಿಸಿದನು. ನಮ್ಮವರು ಅನ್ವಯವ್ಯತಿರೇಕವೆನ್ನುವ ಕ್ರಮ ಇದೇ ಅಲ್ಲವೇ? ಒಂದಿದ್ದರೆ ಎಷ್ಟು, ಅದಿಲ್ಲದಿದ್ದರೆ ಎಷ್ಟು, ಮಿಕ್ಕದ್ದೆಲ್ಲ ಸಮಾನ. ಅವನು ಕಡೆಗೆ ಈಸ್ಟ್ ಇಂಡಿಯಾ ಕಂಪೆನಿಯ ಎಂಜಿನಿಯರನಾಗಿ ನಮ್ಮ ದಕ್ಷಿಣಕ್ಕೇ ಬಂದು, ೧೭೫೧ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡನು.

ಈಗ ಮೂತಿತಡೆಯು ಮಾಡುವ ಕೆಲಸ ಸ್ಪಷ್ಟವಾಗುತ್ತದೆ. ಅದು ಗುಂಡಿನ ಪಾಲನ್ನು ಮುಟ್ಟಲಾರದು. ಮುಟ್ಟಿದರೆ ಗುಂಡೇ ಗುರಿತಪ್ಪುವುದು. ಅದರ ಅಧಿಕಾರವೆಲ್ಲ ಅನಿಲದ ಪಾಲಿನ ಮೇಲೆ. ಗುಂಡು ನಡುವಿನ ರಂಧ್ರದಲ್ಲಿ ಸರಿಯಾಗಿ ದಾಟಿಹೋದ ಮೇಲೆ ಅದರ ಬೆನ್ನಹಿಂದೆ ನುಗ್ಗುವ ಅನಿಲವು ತಡೆಯೊಳಗಿನ ಅಡ್ಡಗೋಡೆಗಳಿಗೆ ಬಡಿದು ಪಕ್ಕದ ಕಂಡಿಗಳಿಂದ ಹೊರಬೀಳುತ್ತದೆ. ಬಡಿದಾಗ ಆ ಗೋಡೆಯನ್ನು ಮುಂದಕ್ಕೆ ತಳ್ಳುತ್ತದೆ. ಗೋಡೆಯು ಕೋವಿಗೆ ಸೇರಿದ್ದಾದುದರಿಂದ ಕೋವಿಯೂ ಅಷ್ಟುಮಟ್ಟಿಗೆ ಮುಂದಕ್ಕೆ ಎಳೆಯಲ್ಪಡುತ್ತದೆ. ಅನಿಲವು ನೇರವಾಗಿ ಪಕ್ಕಕ್ಕೆ ಹೋದರೆ ಮುಂದಿನ ದಿಕ್ಕಿನಲ್ಲಿ ಅದರ ಸಂವೇಗ ಸೊನ್ನೆ. ಪಕ್ಕಕ್ಕೆ ಮಾತ್ರವಲ್ಲದೆ ಓರೆಯಾಗಿ ಹಿಂದಕ್ಕೂ ತಿರುಗಿದರೆ, ಅದು ನಮ್ಮ ಪೇಟೆಯ ಬಾಣವೇ ಆಯಿತು. ಕೋವಿಯ ತುದಿಗೆ ಕಟ್ಟಿದ ಪುಟ್ಟ ಬಾಣವು ಕೋವಿಯನ್ನು ಹೆಗಲಿನಿಂದ ಆಚೆಗೆ ಎಳೆಯತೊಡಗುತ್ತದೆ.

ಈ ಉಪಾಯ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿಯೇ ಫ್ರಾನ್ಸಿನ ಫಿರಂಗಿಪಡೆಯ ಟ್ರೂಯ್ ದ ಬೋಲ್ಯೂ ಎಂಬ ಅಧಿಕಾರಿಯು ತೋಪಿನ ತುದಿಯಲ್ಲಿ ಹಿಂದಕ್ಕೆ ಓರೆಯಾದ ತೂತುಗಳನ್ನು ಕೊರೆಸಿ ನೋಡಿದ್ದನು. ೧೯೨೦ರ ದಶಕದಲ್ಲಿ ಅಮೆರಿಕೆಯ ಕಟ್ಸ್ ಎಂಬ ಸೈನ್ಯಾಧಿಕಾರಿಯ ಹೆಸರಿನ ತಡೆಯು ಕೈಬಂದೂಕುಗಳಿಗೆ ಬಂದಿತು. ಅದರ ಮುಖ್ಯೋದ್ದೇಶ ಒದೆತವನ್ನು ಇಳಿಸುವುದಕ್ಕಿಂತ ಮೂತಿಯು ಮೇಲಕ್ಕೆ ನೆಗೆಯುವುದನ್ನು ತಡೆಯುವುದು. ಎರಡನೆಯ ಮಹಾಯುದ್ಧದ ನಡುವೆ, ಟ್ಯಾಂಕುಗಳನ್ನು ಹೊಡೆಯಲು ಹೆಚ್ಚು ಮದ್ದು ತುಂಬಬೇಕಾಗಿ ಬಂದಾಗ, ೨೫ ಪೌಂಡಿನ ಫಿರಂಗಿಯು ನಿಂತಲ್ಲಿ ನಿಲ್ಲದಾಯಿತು. ಆಗ ಅದಕ್ಕೂ ಮೂತಿತಡೆಯನ್ನು ಕೂಡಿಸಿದರು.

ಇನ್ನು ಹೋಲಿಕೆಯ ವಿಷಯ. ನನ್ನ ಮಿತ್ರರ ಪತ್ರಿಕೆಗಳಲ್ಲಿ ‘ನೂರಕ್ಕೆ ಇಷ್ಟು’ ಎಂದಿತ್ತೇ ಹೊರತು ಯಾವುದರ ನೂರಕ್ಕೆ ಎಂದು ಹೇಳಿರಲಿಲ್ಲ. ಲಕ್ಷಣ ಹೇಳದೆ ಲಕ್ಷ್ಯವನ್ನು ಅಳೆದಂತಾಯಿತು. ಹಿನ್ನೊದೆತವನ್ನು ಅಳೆಯುವ ಮಾನಗಳು ಮುಖ್ಯವಾಗಿ ಮೂರು. ಮೊದಲನೆಯದು ಮೇಲೆ ಹೇಳಿದ ಸಂವೇಗ. ಎರಡನೆಯದು, ಹಿಂದಕ್ಕೆ ಬರುವ ಕೋವಿಯ ಚಲನಶಕ್ತಿ. ಅದು ವೇಗದ ವರ್ಗಕ್ಕೆ ಅನುಗುಣವಾದುದು. ಮೂರನೆಯದು, ಹೆಗಲಿನ ಮೇಲೆ ಒಂದು ಕ್ಷಣದಲ್ಲಿ ಬೀಳುವ ಅತ್ಯಧಿಕವಾದ ಬಲ. ಅದು ಕೋವಿಯ ಬುಡಕ್ಕೆ ಹಾಕಿದ ರಬ್ಬರಿನ ಮೆತ್ತೆಯನ್ನೂ ಹಿಡಿದವನ ಮೈಯನ್ನೂ ಅವನ ನಿಲವನ್ನೂ ಅವಲಂಬಿಸುತ್ತದೆ. ಸಂವೇಗವು ನೂರರಿಂದ ೭೦ಕ್ಕೆ ಇಳಿಯಿತೆಂದು ಇಟ್ಟುಕೊಳ್ಳಿ. ಕೋವಿಯ ತೂಕ ಅದೇ ಆದುದರಿಂದ ವೇಗವೂ ೭೦ಕ್ಕೆ ಇಳಿಯಿತು. ಶಕ್ತಿಯು ೦.೭ರ ವರ್ಗ, ಎಂದರೆ ೦.೪೯. ಆದುದರಿಂದ ಸಂವೇಗದಲ್ಲಿ ನೂರಕ್ಕೆ ೩೦ ಇಳಿಸಿದ ತಡೆಯೇ ಶಕ್ತಿಯಲ್ಲಿ ನೂರಕ್ಕೆ ೫೧ ಇಳಿಸಿದಂತಾಗುತ್ತದೆ. ಮಿತ್ರರ ಕೈಯಲ್ಲಿದ್ದ ಎರಡು ಪತ್ರಿಕೆಗಳೂ ಒಂದೇ ವಸ್ತುವನ್ನು ವರ್ಣಿಸುತ್ತಿರಬಹುದಾಗಿತ್ತು. ಒಬ್ಬನು ಸಾಧುವಾಗಿ ಮೂವತ್ತೆಂದನು, ಇನ್ನೊಬ್ಬನು ಚತುರನಾಗಿ ಐವತ್ತೆಂದನು. ಇಬ್ಬರೂ ಸುಳ್ಳು ಹೇಳಿದವರಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಮತ್ತೊಂದಿದೆ. ‘ಈ ತಡೆಯು ಇಷ್ಟು ಇಳಿಸುತ್ತದೆ’ ಎಂಬ ವಾಕ್ಯದಲ್ಲಿ, ಇಳಿಸುವಿಕೆಯು ತಡೆಯಲ್ಲಿಯೇ ಇರುವ ಗುಣವೆಂಬ ಭಾವನೆ ಅಡಗಿದೆ. ವಾಸ್ತವವಾಗಿ ಅದು ತಡೆಗೂ ತೋಟೆಗೂ ಇರುವ ಸಂಬಂಧ. ಇದನ್ನು ಮೂರು ಕೋವಿಗಳ ಲೆಕ್ಕದಿಂದ ತೋರಿಸುತ್ತೇನೆ. ತೋಟೆಯಿಂದ ತೋಟೆಗೆ ಸ್ವಲ್ಪ ಹೆಚ್ಚುಕಡಮೆಯಿರುತ್ತದೆ. ಇಲ್ಲಿ ಸಾಮಾನ್ಯವಾದ ಅಂಕಿಗಳನ್ನು ಹಿಡಿದಿದ್ದೇನೆ. ಅನಿಲದ ಸರಾಸರಿ ವೇಗವನ್ನು ರೈಫಲ್ಲಿನಲ್ಲಿ ಗುಂಡಿನ ವೇಗದ ೧.೭೫ ಪಾಲೆಂದೂ ಚರೆಕೋವಿಯಲ್ಲಿ ೧.೫ ಪಾಲೆಂದೂ ಹಿಡಿಯುವುದು ರೂಢಿ.

ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳು ಹೊತ್ತ .೩೦೩ ಲೀ-ಎನ್‌ಫೀಲ್ಡ್ ರೈಫಲ್ಲನ್ನು ಮೊದಲು ತೆಗೆದುಕೊಳ್ಳೋಣ. ಗುಂಡು ೧೧.೩ ಗ್ರಾಂ, ವೇಗ ಸೆಕೆಂಡಿಗೆ ೭೪೪ ಮೀಟರು, ಮದ್ದು ಸುಮಾರು ೨.೪ ಗ್ರಾಂ. ಕಿಲೋಗ್ರಾಂ-ಮೀಟರುಗಳ ಮಾನದಲ್ಲಿ ಗುಂಡಿನ ಸಂವೇಗ ೮.೪, ಅನಿಲದ್ದು ೩.೧, ಒಟ್ಟು ೧೧.೫. ಅನಿಲದ ಪಾಲು ನೂರಕ್ಕೆ ೨೭. ಎರಡನೆಯದು, ಬಹುದೂರದ ಗುರಿಗಾಗಿ ಈಚೆಗೆ ಬಳಕೆಗೆ ಬಂದಿರುವ .೩೩೮ ಲಾಪುವಾ ಮ್ಯಾಗ್ನಮ್ ತೋಟೆ. ನಮ್ಮ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸಂಸ್ಥೆಯು ರೂಪಿಸಿರುವ ‘ಸೇಬರ್’ ಎಂಬ ರೈಫಲ್ಲು ಈ ತೋಟೆಯದೇ. ಗುಂಡು ೧೬.೨ ಗ್ರಾಂ, ವೇಗ ೯೦೫ ಮೀಟರು, ಮದ್ದು ೫.೯ ಗ್ರಾಂ. ಗುಂಡಿನ ಪಾಲು ೧೪.೭, ಅನಿಲದ್ದು ೯.೩, ಒಟ್ಟು ೨೪. ಇಲ್ಲಿ ಅನಿಲವು ನೂರಕ್ಕೆ ೩೯. ಮೂರನೆಯದು ಕೊಡಗಿನ ಮನೆಗಳಲ್ಲಿ ಸಾಮಾನ್ಯವಾದ ೧೨ ಬೋರಿನ ಜೋಡುನಳಿಗೆ ಕೋವಿ. ಚರೆ ೩೨ ಗ್ರಾಂ, ಅದರೊಡನೆ ಹೋಗುವ ಬಿರಡೆ ೨.೭ ಗ್ರಾಂ, ವೇಗ ೩೬೬ ಮೀಟರು, ಮದ್ದು ೧.೪ ಗ್ರಾಂ. ಚರೆಬಿರಡೆಗಳ ಪಾಲು ೧೨.೭, ಅನಿಲದ್ದು ೦.೮ಕ್ಕೂ ಸ್ವಲ್ಪ ಕಡಮೆ. ನೂರಕ್ಕೆ ೬ ಮಾತ್ರ!

ಈಗ ಅನಿಲದಲ್ಲಿ ಮೂರರಲ್ಲೆರಡು ಪಾಲನ್ನು ಸರಿಯಾಗಿ ಪಕ್ಕಕ್ಕೆ ತಿರುಗಿಸಿ, ಮಿಕ್ಕ ಒಂದು ಪಾಲನ್ನು ಗುಂಡಿನ ರಂಧ್ರದಲ್ಲಿ ಮುಂದಕ್ಕೆ ಬಿಡುವ ಒಂದೇ ಬಗೆಯ ತಡೆಯನ್ನು ಈ ಮೂರಕ್ಕೂ ಕೂಡಿಸಿದೆವೆಂದು ಭಾವಿಸೋಣ. ಹಿನ್ನೊದೆತದ ಶಕ್ತಿಯು .೩೩೮ರಲ್ಲಿ ನೂರಕ್ಕೆ ೪೫ರಷ್ಟೂ .೩೦೩ರಲ್ಲಿ ನೂರಕ್ಕೆ ೩೩ರಷ್ಟೂ ೧೨ ಬೋರಿನಲ್ಲಿ ನೂರಕ್ಕೆ ೭ ಅಥವಾ ೮ರಷ್ಟೂ ಇಳಿಯುತ್ತದೆ. ಸಂವೇಗದ ಮಾತಾದರೆ ಕ್ರಮವಾಗಿ ೨೬, ೧೮, ೪. ತಡೆಯು ಒಂದೇ, ಫಲಗಳು ಮೂರು. ಆದುದರಿಂದ ಒಬ್ಬನು .೩೩೮ರ ಮೇಲೆ ಅಳೆದ ಅಂಕಿಯನ್ನೂ ಇನ್ನೊಬ್ಬನು .೩೦೩ರ ಮೇಲೆ ಅಳೆದ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ತಡೆಗಳ ತಾರತಮ್ಯವನ್ನು ಹೇಳಹೊರಟರೆ ಅದು ಭಿನ್ನಾಧಿಕರಣವಾದ ಮಾತು, ಹೋಲಿಕೆಯೇ ಅಲ್ಲ.

ತಡೆಗಳ ರಚನಾಭೇದದಿಂದ ಬರುವ ವ್ಯತ್ಯಾಸವೂ ಸಾಮಾನ್ಯವಾದುದಲ್ಲ. ಸುತ್ತಲೂ ಸಣ್ಣ ದುಂಡುತೂತುಗಳನ್ನು ಕೊರೆದಿರುವ ಬಗೆಯಲ್ಲಿ ಅನಿಲವು ಬಡಿಯುವ ಮೈ ಕಡಮೆ, ಫಲವೂ ಕಡಮೆ. ಅಲ್ಲದೆ ಕೆಳಮುಖವಾದ ತೂತುಗಳಿಂದ ಬಂದ ಅನಿಲವು ಮಲಗಿ ಗುರಿಯಿಡುವವನ ಕಣ್ಣಿಗೆ ಮಣ್ಣೆರಚುತ್ತದೆ. ಎಡಬಲಗಳಲ್ಲಿ ಅಗಲವಾದ ಕಂಡಿಗಳೂ ಒಳಗೆ ಅಡ್ಡಗೋಡೆಗಳೂ ಉಳ್ಳ ಬಗೆ ಇದಕ್ಕಿಂತ ಬಲವಾದುದು. ಅದರಲ್ಲಿ ಮೊದಲನೆಯ ಗೋಡೆಯೇ ಹೆಚ್ಚಿನ ಕೆಲಸಮಾಡುತ್ತದೆ. ಎರಡನೆಯದು ಅದಕ್ಕಿಂತ ಕಡಮೆ, ಮೂರನೆಯದು ಇನ್ನೂ ಕಡಮೆ. ನೋಟಕ್ಕೆ ಭಯಂಕರವಾಗಿರಲೆಂದು ಏಳೆಂಟು ಗೋಡೆಗಳನ್ನಿಟ್ಟವನು ಉಕ್ಕನ್ನು ವ್ಯಯಮಾಡಿದನೇ ಹೊರತು ಹೆಗಲಿಗೆ ಉಪಕಾರಮಾಡಲಿಲ್ಲ. ನಡುವಣ ರಂಧ್ರವು ಗುಂಡಿನ ಗಾತ್ರಕ್ಕೆ ಎಷ್ಟು ಹತ್ತಿರವೋ ಮುಂದಕ್ಕೆ ಸೋರುವ ಅನಿಲವೂ ಅಷ್ಟು ಕಡಮೆ. ಇನ್ನು ಗೋಡೆಗಳು ಹಿಂದಕ್ಕೆ ಓರೆಯಾಗಿರುವ ಬಗೆ. ಮೇಲಿನ .೩೩೮ರ ಲೆಕ್ಕದಲ್ಲಿಯೇ ಆ ಮೂರರಲ್ಲೆರಡು ಪಾಲು ಅನಿಲವನ್ನು ಲಂಬಕ್ಕಿಂತ ೩೦ ಅಂಶ ಹಿಂದಕ್ಕೆ ತಿರುಗಿಸಿದರೆ, ಹಿಂದಕ್ಕೆ ಹೋದ ಸಂವೇಗವೂ ರಂಧ್ರದಿಂದ ಮುಂದಕ್ಕೆ ಹೋದ ಸಂವೇಗವೂ ಒಂದನ್ನೊಂದು ಕಳೆದು, ಗುಂಡಿನ ಪಾಲೊಂದೇ ಉಳಿಯುತ್ತದೆ. ಶಕ್ತಿಯಲ್ಲಿ ಇಳಿತ ನೂರಕ್ಕೆ ೬೩. ಇದು ತಿರುಗುವಾಗ ಅನಿಲದ ವೇಗ ಕುಂದುವುದಿಲ್ಲವೆಂದು ಭಾವಿಸಿದ ಲೆಕ್ಕ. ವಾಸ್ತವದಲ್ಲಿ ಕುಂದುತ್ತದೆಯಾಗಿ ಫಲವು ಇದಕ್ಕಿಂತ ಕೆಳಗೇ ನಿಲ್ಲುತ್ತದೆ.

ಪ್ರಾಮಾಣಿಕವಾದ ಪರೀಕ್ಷೆ ಹೇಗಿರಬೇಕೆಂಬುದು ಇಷ್ಟರಿಂದ ತಾನಾಗಿ ಹೊರಡುತ್ತದೆ. ಕೋವಿ ಒಂದೇ, ತೋಟೆಯ ಕಂತು ಒಂದೇ. ರಾಬಿನ್ಸನು ಮಾಡಿದಂತೆ ತೂಗುಹಾಕಿಯೋ ಜಾರುವ ಹಲಗೆಯ ಮೇಲಿಟ್ಟೋ, ಮನುಷ್ಯನ ಹೆಗಲನ್ನು ಬಿಟ್ಟು, ತಡೆಯೊಡನೆ ಕೆಲವು ಈಡು, ತಡೆಯಿಲ್ಲದೆ ಕೆಲವು ಈಡು ಹಾರಿಸಬೇಕು. ತಡೆಯನ್ನು ತೆಗೆದಾಗ ಅದೇ ತೂಕದ ಉಕ್ಕಿನ ಬಳೆಯೊಂದನ್ನು ಅದರ ಜಾಗದಲ್ಲಿ ಕೂಡಿಸುವುದನ್ನು ಮರೆಯಬಾರದು. ಇಲ್ಲದಿದ್ದರೆ ತಡೆಯ ತೂಕವು ಮಾಡಿದ ಉಪಕಾರವೂ ಅದರ ಕಂಡಿಗಳ ಖಾತೆಗೆ ಜಮೆಯಾಗುತ್ತದೆ. ಬಂದ ಫಲವನ್ನು ಸಂವೇಗದಲ್ಲಿಯೇ ಹೇಳುವುದು ನನ್ನ ಅಭಿಪ್ರಾಯದಲ್ಲಿ ಉತ್ತಮ. ಶಕ್ತಿಯನ್ನು ಅದರಿಂದ ಯಾರು ಬೇಕಾದರೂ ಲೆಕ್ಕಹಾಕಿಕೊಳ್ಳಬಹುದು. ದೊಡ್ಡ ಅಂಕಿಯ ಮೋಹವೂ ತಪ್ಪುತ್ತದೆ.

ತಡೆಯು ಹೆಗಲಿನಿಂದ ತೆಗೆದದ್ದನ್ನು ಎಲ್ಲಿಗೆ ಒಯ್ದು ಹಾಕುತ್ತದೆಂಬುದನ್ನು ಪತ್ರಿಕೆಗಳು ಹೇಳುವುದಿಲ್ಲ. ಮುಂದಕ್ಕೆ ಹೋಗಬೇಕಾಗಿದ್ದ ಅನಿಲವು ಪಕ್ಕಕ್ಕೂ ಹಿಂದಕ್ಕೂ ಬಂದಾಗ ಅದರೊಡನೆ ಶಬ್ದವೂ ಬರುತ್ತದೆ. ಕ್ಷಣಮಾತ್ರದ ಸಿಡಿಲಿನಂತಹ ಶಬ್ದವು ೧೪೦ ಡೆಸಿಬೆಲ್ಲನ್ನು ಮೀರಿದರೆ ಕಿವಿಗೆ ಅಪಾಯವೆಂಬುದು ವೈದ್ಯರ ಮತ. ರೈಫಲ್ಲಿನ ಈಡು ಸುಮಾರು ೧೬೦. ಇಪ್ಪತ್ತು ಡೆಸಿಬೆಲ್ ಎಂದರೆ ಇಪ್ಪತ್ತು ಹೆಚ್ಚಲ್ಲ, ಒತ್ತಡದಲ್ಲಿ ಹತ್ತುಪಟ್ಟು ಹೆಚ್ಚೆಂಬುದನ್ನು ನೆನಪಿಡಬೇಕು. ಮೂತಿತಡೆಯು ಹಾರಿಸಿದವನ ಕಿವಿಯ ಬಳಿ ಇದನ್ನು ಇನ್ನೂ ಕೆಲವು ಡೆಸಿಬೆಲ್ ಏರಿಸುತ್ತದೆ; ಪಕ್ಕದಲ್ಲಿ ನಿಂತವರ ಪಾಡು ಅವನಿಗಿಂತಲೂ ಕಷ್ಟ. ಓರೆಗೋಡೆಯ ತಡೆಯು ಅಂಕಿಯಲ್ಲಿ ಎಲ್ಲಕ್ಕಿಂತ ಮೇಲಾದರೂ ಈ ವಿಷಯದಲ್ಲಿ ಎಲ್ಲಕ್ಕಿಂತ ಕ್ರೂರವಾದುದು. ಸೈನ್ಯದಲ್ಲಿ ಪಕ್ಕದವನೂ ಕಿವಿಗೆ ಮುಚ್ಚಿಗೆ ಹಾಕಿಕೊಂಡಿರುತ್ತಾನೆ. ಹಬ್ಬದ ಅಂಗಳದಲ್ಲಿ ಹಾರಿಸುವವನ ಎಡಬಲಗಳಲ್ಲಿ ನಿಲ್ಲುವವರು ಮಕ್ಕಳು. ಕಿವಿಯೊಳಗಿನ ಸೂಕ್ಷ್ಮರೋಮಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಶ್ರುತಿಯನ್ನು ಕಿವಿಯಿಂದಲೇ ಕಲಿತ ನನಗೆ ಈ ಮಾತು ಹೆಗಲಿನ ನೋವಿಗಿಂತ ಹತ್ತಿರದ್ದಾಗಿ ಕಂಡಿತು.

ಕೊಡಗಿನಲ್ಲಿ ಕೋವಿಯು ಬರಿಯ ಬೇಟೆಯ ಉಪಕರಣವಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಗಂಡುಮಗು ಹುಟ್ಟಿದರೆ ಒಂದು ಈಡು. ಮನೆಯಲ್ಲಿ ಸಾವಾದರೆ ಎರಡು ಈಡು. ಪುತ್ತರಿಯಲ್ಲಿ ಹೊಸ ತೆನೆ ಕೊಯ್ಯುವಾಗ ಮತ್ತೆ ಈಡು. ಮಾರ್ಕ್ ಕಬ್ಬನ್ನನ ಅಧಿಕಾರದ ಕೊನೆಯಲ್ಲಿ, ೧೮೬೧ರಲ್ಲಿ, ಕೊಡವರಿಗೆ ಆಯುಧಶಾಸನದಿಂದ ದೊರೆತ ವಿನಾಯಿತಿಯು ಇಂದಿಗೂ ನಡೆದುಬಂದಿದೆ. ಕೇಂದ್ರಸ��್ಕಾರವು ೨೦೧೯ರಲ್ಲಿ ಅದನ್ನು ೨೦೨೯ರ ವರೆಗೆ ಮುಂದುವರಿಸಿತು, ಕರ್ನಾಟಕದ ಉಚ್ಚನ್ಯಾಯಾಲಯವು ೨೦೨೧ರಲ್ಲಿ ಅದನ್ನು ಎತ್ತಿಹಿಡಿಯಿತು. ಆದುದರಿಂದ ಮುದುಕರೊಬ್ಬರಿಗೆ ‘ಕೋವಿಯನ್ನು ಬಿಟ್ಟುಬಿಡಿ’ ಎಂದು ಹೇಳುವುದು, ನನಗೆ ಯಾರಾದರೂ ‘ಉಪಾಕರ್ಮವನ್ನು ಬಿಟ್ಟುಬಿಡಿ’ ಎಂದು ಹೇಳಿದಷ್ಟೇ ಸುಲಭವೂ ಅಷ್ಟೇ ವ್ಯರ್ಥವೂ ಆಗಿದೆ.

ಮಿತ್ರರ ಕೋವಿಯು ೧೨ ಬೋರಿನದು, ೩.೨ ಕಿಲೋಗ್ರಾಂ ತೂಕದ್ದು. ಅದರ ಹಿನ್ನೊದೆತದ ಶಕ್ತಿ ಮೇಲಿನ ತೋಟೆಯಿಂದ ಸುಮಾರು ೨೮ ಜೌಲ್. ನಾಲ್ಕು ಕಿಲೋಗ್ರಾಂ ತೂಕದ .೩೦೩ ರೈಫಲ್ಲಿನದು ೧೬ ಅಥವಾ ೧೭. ಸಿಪಾಯಿಯ ರೈಫಲ್ಲಿಗಿಂತ ಬೆಳೆಗಾರನ ಕೋವಿ ಹೆಚ್ಚು ಒದೆಯುತ್ತದೆಂಬುದನ್ನು ನಾನು ಊಹಿಸಿರಲಿಲ್ಲ. ಅದರ ತುದಿಗೆ ಅನಿಲವನ್ನೆಲ್ಲ ಪಕ್ಕಕ್ಕೆ ತಿರುಗಿಸುವ ದೋಷರಹಿತವಾದ ತಡೆಯನ್ನೇ ಕೂಡಿಸಿದರೂ ಶಕ್ತಿಯು ೨೫ಕ್ಕೆ ಇಳಿಯುತ್ತದೆ, ಅಷ್ಟೇ. ಕೋವಿಯ ಬುಡದಲ್ಲಿ ಅರ್ಧ ಕಿಲೋಗ್ರಾಂ ಸೀಸವನ್ನು ತುಂಬಿದರೆ ೨೪.೫ಕ್ಕೆ ಇಳಿಯುತ್ತದೆ, ಮೂತಿತಡೆಗಿಂತ ಸೀಸದ ಗಟ್ಟಿಯೇ ಮೇಲು. ಚರೆಯನ್ನು ೩೨ ಗ್ರಾಮಿನಿಂದ ೨೪ ಗ್ರಾಮಿಗೆ ಇಳಿಸಿ, ವೇಗವನ್ನು ಹಾಗೆಯೇ ಇಟ್ಟರೆ ೧೭ ಜೌಲಿಗೆ ಇಳಿಯುತ್ತದೆ. ಎಂದರೆ ನೂರಕ್ಕೆ ೪೦ ಕಡಮೆ. ಒಲಿಂಪಿಕ್ ಸ್ಪರ್ಧೆಗಳಲ್ಲಿ ಹಾರುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುವವರಿಗೆ ಆ ೨೪ ಗ್ರಾಮೇ ಮಿತಿ. ತೆಂಗಿನಕಾಯಿಯಂತೂ ಹಾರುವುದಿಲ್ಲ. ಕೇಪಿನ ಕೋವಿಯ ವಿಷಯದಲ್ಲಿಯೂ ಇದೇ ಮಾತು: ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವೇ ಆಗದೆ ಘನರೂಪದ ಕಿಟ್ಟವಾಗುತ್ತದೆ, ಆ ಕಿಟ್ಟವು ತಡೆಯ ಕಂಡಿಗಳನ್ನು ಕಟ್ಟಿಹಾಕುವುದೇ ಮೊದಲಿನ ಫಲವಾದೀತು.

ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಕಳುಹಿಸಿದೆ. ಎರಡು ಪತ್ರಿಕೆಗಳನ್ನೂ ಬಿಟ್ಟು, ಹಗುರವಾದ ತೋಟೆಯನ್ನು ಕೊಳ್ಳಬೇಕೆಂದೂ, ಬುಡಕ್ಕೆ ಒಳ್ಳೆಯ ರಬ್ಬರಿನ ಮೆತ್ತೆ ಹಾಕಿಸಬೇಕೆಂದೂ, ಮೆತ್ತೆಯು ಸಂವೇಗವನ್ನು ಇಳಿಸದಿದ್ದರೂ ಕಾಲವನ್ನು ಹಿಗ್ಗಿಸಿ ಬಲದ ಮೊನೆಯನ್ನು ಮೊಂಡುಮಾಡುತ್ತದೆಂದೂ ತಿಳಿಸಿದೆ. ಹೆಸರಿನ ವಿಚಾರದಲ್ಲಿಯೂ ಅವರ ಅಭಿಪ್ರಾಯವನ್ನು ಕೇಳಿದೆ. ಸಂಸ್ಕೃತದಲ್ಲಿ ‘ಮುಖನಿರೋಧಕ’ ಎನ್ನಬಹುದು. ಆದರೆ ನಿರೋಧವೆಂದರೆ ಪೂರ್ತಿಯಾಗಿ ತಡೆಯುವುದು, ಇಲ್ಲಿ ನಡೆಯುವುದು ದಿಕ್ಕು ತಿರುಗಿಸುವುದು ಮಾತ್ರ. ಅರ್ಥಕ್ಕೆ ಸರಿಯಾಗಿ ‘ಅನಿಲವಿವರ್ತಕ’ ಎಂದರೆ ವೇದಾಂತಿಗಳು ಬೇರೆ ಯಾವುದನ್ನೋ ನಿರೀಕ್ಷಿಸಿ ಮೋಸಹೋದಾರು. ‘ಬಾಯಿತಡೆ’ಯೆಂಬುದು ಸಭ್ಯವಾಗಿ ಕೇಳುವುದಿಲ್ಲ. ಕಡೆಗೆ ‘ಮೂತಿತಡೆ’ಯೇ ಇರಲೆಂದು ಬರೆದೆ.

ಸೆಪ್ಟೆಂಬರಿನ ಎರಡನೆಯ ವಾರದಲ್ಲಿ ಅವರ ಉತ್ತರ ಬಂದಿತು. ೨೪ ಗ್ರಾಮಿನ ತೋಟೆಯಿಂದ ನಾಲ್ಕು ಈಡು ಹಾರಿಸಿದರಂತೆ, ಹೆಗಲು ನೋಯಲಿಲ್ಲವಂತೆ, ಕಾಯಿಯನ್ನು ಒಡೆದವಳು ಮಾತ್ರ ಅವರ ತಮ್ಮನ ಮಗಳಂತೆ. ಮಕ್ಕಳನ್ನು ಹಾರಿಸುವವರ ಹಿಂದಕ್ಕೆ, ದೂರದಲ್ಲಿ ನಿಲ್ಲಿಸಿ ಕಿವಿಗೆ ಹತ್ತಿ ಇಡಿಸಿದ್ದರಂತೆ. ಹತ್ತಿಯು ಸಾಲದು, ಅದಕ್ಕೆಂದೇ ಮಾಡಿದ ಮುಚ್ಚಿಗೆಗಳು ಬೇಕೆಂದು ಮರುಟಪ್ಪಾಲಿನಲ್ಲಿ ಬರೆದಿದ್ದೇನೆ. ಹೆಸರಿನ ವಿಷಯವಾಗಿ ಅವರು ಬರೆದದ್ದು ಇಷ್ಟು: “ಮೂತಿತಡೆ ಎಂಬ ತಮ್ಮ ಶಬ್ದವನ್ನು ಹಬ್ಬದ ದಿನ ಎಲ್ಲರಿಗೂ ಹೇಳಿದೆನು. ಕಣದಲ್ಲಿ ಎತ್ತಿನ ಮೂತಿಗೆ ಕಟ್ಟುವ ಕುಕ್ಕೆಯನ್ನು ಕೋವಿಗೇಕೆ ಕಟ್ಟುತ್ತಾರೆ ಎಂದು ನಮ್ಮ ಆಳು ಕೇಳಿದನು. ಉತ್ತರ ಹೊಳೆಯಲಿಲ್ಲ.”